ಕೋಪಕಬಾನದಲ್ಲಿ ಉಮ್ಮ

ಜಿದ್ದಾ

ನಮ್ಮ ಜಿದ್ದಾದ ಮನೆಯ ಫ್ರೀಜರಿನಲ್ಲಿ ಬ್ರೆಜಿಲ್ ದೇಶ ಹಲವು ವರ್ಷಗಳಿಂದ ಠಿಕಾಣಿ ಹೂಡಿದೆ. ಸೌದಿಯಲ್ಲಿ ಸಂಸಾರ ಹೂಡಿದ ಯಾರನ್ನು ಬೇಕಾದರೂ ಕೇಳಿ, ಮನೆ ಹತ್ತಿರದ ಅಂಗಡಿಯಿಂದ ತರುವ ಹೆಪ್ಪುಗಟ್ಟಿದ ಕೋಳಿಯ ಪೊಟ್ಟಣದ ಮೇಲೆ ಆ ಹೆಸರು ಓದಿಯೇ ಇರುತ್ತಾರೆ. ನನ್ನ ಗಂಡ ಹನೀಫ್ ಅಂತಹ ಕೋಳಿ ತರಿಸುವ ಒಂದು ಕಂಪೆನಿಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಆಗೀಗ ಬ್ರೆಜಿಲಿನ ದಕ್ಷಿಣದಲ್ಲಿರುವ ಕಾರ್ಖಾನೆಗಳಿಗೆ ಹೋಗಿ ಬರುತ್ತಾರೆ. ‘ಎಂತ ಉಂಟು ಅಲ್ಲಿ?’ ಎಂದು ನಾನು ಕೇಳಿದರೆ ‘ಕೋಳಿ ಉಂಟು’ ಎನ್ನುವುದೇ ಅವರ ಉತ್ತರ. ಇಷ್ಟೇ ಆಗಿದ್ದ ಬ್ರೆಜಿಲಿಗೆ ನಾನು ಹೋಗುತ್ತೇನೆ, ಅದೂ ನನ್ನ ಉಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಎಣಿಸಿರಲಿಲ್ಲ.

ಬಾಪ ತೀರಿಹೋಗಿ ವರ್ಷವಾಗುತ್ತ ಬಂದಿತ್ತು. ಗಂಡ ತೀರಿಹೋದ ಹೆಂಗಸು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಉಮ್ಮನನ್ನು ವಿಸಿಟ್ ವಿಸಾದಲ್ಲಿ ಜಿದ್ದಾಕ್ಕೆ ಕರೆಸಿಕೊಂಡಿದ್ದೆ. ಬಂದ ಕೂಡಲೇ ಮಕ್ಕಾಕ್ಕೆ ಕರೆದುಕೊಂಡು ಹೋಗಿ ಉಮ್ರಾ ಮಾಡಿಸಿದೆವು. ಕಾಬಾದ ಎದುರು ಸುತ್ತಲಿನವರೆಲ್ಲ ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ ಉಮ್ಮ ಒಣಗಣ್ಣಿನಲ್ಲಿ ನಿಂತಿದ್ದರು. ಬಾಪನನ್ನು ಮನೆಯಿಂದ ಎತ್ತಿದಾಗಲೂ ಹೀಗೆಯೇ ನಿಂತಿದ್ದರು. ಉಳ್ಳಾಲದ ನಮ್ಮ ಓಣಿಯಲ್ಲಿ ಉಮ್ಮನ ಗಂಟಲಿಗೆ ಒಂದು ಹೆಸರೇ ಇತ್ತು. ಮೀನಿನವಳು ಓಣಿಯ ಆ ತುದಿಯಲ್ಲಿರುವಾಗಲೇ ಇವರು ಅಂಗಳದಿಂದ ಚೌಕಾಶಿ ಶುರು ಮಾಡುತ್ತಿದ್ದರು. ಅಂಥ ಹೆಂಗಸು ಈಗ ಎಂತ ಕೇಳಿದರೂ ‘ನೀನು ಹೇಳಿದ ಹಾಗೆ’ ಎನ್ನುತ್ತಿದ್ದರು. ಚಾ ಬೇಕಾ, ಹೊರಗೆ ಹೋಗುವನಾ, ಊರಿಗೆ ಫೋನ್ ಮಾಡುವನಾ, ಎಲ್ಲದಕ್ಕೂ ಅದೇ. ಸಂಜೆ ಕಾರ್ನಿಷ್‌ಗೆ ಕರೆದುಕೊಂಡು ಹೋದರೆ ಕೆಂಪು ಸಮುದ್ರದ ದಂಡೆಯಲ್ಲಿ ಚಾಪೆ ಹಾಸಿ ಕೂರಿಸಿದಲ್ಲಿ ಕೂತು, ಎಬ್ಬಿಸಿದಾಗ ಏಳುತ್ತಿದ್ದರು. ನಾನು ಅವರ ಮಣಿಕಟ್ಟು ಹಿಡಿದುಕೊಂಡೇ ತಿರುಗುತ್ತಿದ್ದೆ.

ವಿಸಿಟ್ ವಿಸಾದವರು ಆಗಾಗ ದೇಶದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು. ನಮ್ಮವರು ಸಾಮಾನ್ಯವಾಗಿ ಬಹರೈನಿಗೋ ಜೋರ್ಡಾನಿಗೋ ಹೋಗಿ ಬರುವುದು. ಉಮ್ಮನಿಗೆ ಆ ಸಮಯ ಹತ್ತಿರ ಬಂದಾಗಲೇ ಹನೀಫ್‌ಗೆ ಬ್ರೆಜಿಲಿನ ಕೆಲಸ ಬಂತು. ನಾನು ಪಾಠ ಮಾಡುವ ಇಂಡಿಯನ್ ಶಾಲೆಗೂ ರಜೆ. ಹನೀಫ್ ತಮಾಷೆಗೆ, ‘ಮಾಮೀ, ಬಹರೈನ್ ಬೇಡ, ಬ್ರೆಜಿಲಿಗೆ ಹೋಗುವನಾ?’ ಎಂದರು.

‘ನೀವು ಹೇಳಿದ ಹಾಗೆ,’ ಎಂದರು ಉಮ್ಮ.

ಆ ಉತ್ತರ ಕೇಳಿ ನನಗೆ ನಗು ಬರಲಿಲ್ಲ. ಹನೀಫ್ ನನ್ನ ಮುಖ ನೋಡಿದರು. ಮರುದಿನವೇ ವಿಸಾದ ಏರ್ಪಾಡಿಗೆ ಇಳಿದರು.

ರಿಯೊ, ಮೊದಲ ದಿನ

ರಿಯೊ ಡಿ ಜನೈರೊ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡಿದ ತರುಣ ಅಧಿಕಾರಿ ಠಸ್ಸೆ ಹಾಕಿ, ಉಮ್ಮನ ಕಡೆ ನೋಡಿ ಹೆಬ್ಬೆರಳು ಎತ್ತಿ ತೋರಿಸಿದ. ಉಮ್ಮ ತಕ್ಷಣ ತನ್ನ ಹೆಬ್ಬೆರಳನ್ನು ಕೌಂಟರಿನ ಮೇಲೆ ಒತ್ತಿಟ್ಟು ಕಾದು ನಿಂತರು. ಜಿದ್ದಾದಲ್ಲಿ ಇಳಿದಾಗ ಬೆರಳಚ್ಚು ತೆಗೆದುಕೊಂಡದ್ದು ಅವರಿಗೆ ನೆನಪಿತ್ತು. ಎಲ್ಲ ಸರಿಯಾಯಿತು ಎಂದು ಹೇಳುವ ಕ್ರಮ ಅದು ಎಂದು ನಾನು ಹೇಳಿದರೆ ಅವರು ನಂಬಲಿಲ್ಲ. ಟ್ಯಾಕ್ಸಿಯವನು ಹೆಬ್ಬೆರಳು ತೋರಿಸಿದ, ಹೋಟೆಲಿನ ಬಾಗಿಲಲ್ಲಿದ್ದವನು ತೋರಿಸಿದ, ರಸ್ತೆ ದಾಟಲು ಕಾರು ನಿಲ್ಲಿಸಿದ ಹೆಂಗಸೂ ತೋರಿಸಿದಳು. ಈ ಊರಿನವರಿಗೆಲ್ಲ ತನ್ನ ಹೆಬ್ಬೆಟ್ಟು ಯಾಕೆ ಬೇಕು ಎಂದು ಉಮ್ಮ ಮೆಲ್ಲನೆ ಕೇಳಿದರು. ಅವರು ತಾವಾಗಿ ಪ್ರಶ್ನೆ ಕೇಳಿದ್ದೇ ನನಗೆ ದೊಡ್ಡದಾಗಿ ಕಂಡಿತು.

ನಾವು ಇಳಿದುಕೊಂಡದ್ದು ಕೋಪಕಬಾನ ಎಂಬ ಬೀಚಿನ ಹಿಂದಿನ ಬೀದಿಯಲ್ಲಿ. ಬೀಚಿನ ಉದ್ದಕ್ಕೂ ನಡೆಯುವ ದಾರಿಗೆ ಕಪ್ಪು ಬಿಳಿ ಕಲ್ಲುಗಳನ್ನು ಅಲೆಯ ಹಾಗೆ ಜೋಡಿಸಿದ್ದಾರೆ. ಉಮ್ಮ ಬುರ್ಖಾವನ್ನು ಒಂದು ಚೂರು ಎತ್ತಿ ಹಿಡಿದು, ನೀರು ದಾಟುವವರ ಹಾಗೆ ಅದರ ಮೇಲೆ ಕಾಲಿಟ್ಟರು. ಅಂಗಿ ಇಲ್ಲದ ಗಂಡಸರು, ಎರಡು ತುಂಡು ಬಟ್ಟೆಯ ಹೆಂಗಸರು ಕಡಲಿನಿಂದ ಎದ್ದು ಬಂದವರೇ ರಸ್ತೆ ದಾಟಿ, ನೀರು ಸುರಿಸಿಕೊಂಡು ಅಂಗಡಿಗೆ ನುಗ್ಗಿ ಬ್ರೆಡ್ಡು ಕೊಳ್ಳುತ್ತಿದ್ದರು. ನನಗೆ ಕಣ್ಣು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಹನೀಫ್ ಫೋನಿನಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಓದುತ್ತ ನಡೆದರು. ಉಮ್ಮ ಮಾತ್ರ ಎಲ್ಲರನ್ನೂ ನೇರ ನೋಡುತ್ತಿದ್ದರು. ತನಗಿಂತ ಹಿರಿಯಳೊಬ್ಬಳು ಒದ್ದೆ ಮೈಯಲ್ಲಿ ಹಾದುಹೋದಾಗ, ‘ಪಾಪ, ಚಳಿ ಆಗುವುದಿಲ್ವಾ?’ ಎಂದರು. ನಮ್ಮ ಬಟ್ಟೆಯನ್ನು ಜನ ದಿಟ್ಟಿಸಿ ನೋಡುತ್ತಾರೆ ಎಂದು ಜಿದ್ದಾದಿಂದ ಹೆದರಿಕೊಂಡು ಬಂದಿದ್ದೆ. ಯಾರೂ ನೋಡಲಿಲ್ಲ. ನೋಡಿದವರು ನಕ್ಕು ‘ಒಳ್ಳೆಯ ದಿನ’ ಎಂದು ಅವರ ಭಾಷೆಯಲ್ಲಿ ಹೇಳಿ ಹೋದರು. ಲಿಫ್ಟಿನಲ್ಲಿಯೂ ಹಾಗೆಯೇ, ಒಳಗೆ ಬಂದವರು ಎಲ್ಲರಿಗೂ ಹೇಳುತ್ತಾರೆ, ಇಳಿಯುವವರೂ ಹೇಳುತ್ತಾರೆ. ಜಿದ್ದಾದ ನಮ್ಮ ಕಟ್ಟಡದಲ್ಲಿ ಎದುರು ಮನೆಯವರ ಹೆಸರು ನನಗೆ ಇನ್ನೂ ಗೊತ್ತಿಲ್ಲ.

ಊಟಕ್ಕೆ ಕೂತಾಗ ಒಂದು ವಿಚಿತ್ರ ಎದುರಾಯಿತು. ನಮಗೆ ಇಡೀ ವರ್ಷ ಹಲಾಲ್ ಕೋಳಿ ಕಳಿಸುವ ದೇಶದಲ್ಲಿ ನಮಗೆ ತಿನ್ನಲು ಹಲಾಲ್ ಕೋಳಿ ಇರಲಿಲ್ಲ. ಅದೆಲ್ಲ ಹಡಗು ಹತ್ತಿ ನಮ್ಮ ಕಡೆಗೇ ಹೋಗುತ್ತದೆ ಎಂದು ಹನೀಫ್ ವಿವರಿಸಿದರು. ಹಾಗಾಗಿ ಮೀನು ತರಿಸಿದೆವು. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು, ಅನ್ನ, ಜೊತೆಗೆ ಹುರಿದ ಮರಗೆಣಸಿನ ಹುಡಿ. ಉಮ್ಮ ಬೆರಳ ತುದಿಯಲ್ಲಿ ಸಾರು ನೆಕ್ಕಿ ನೋಡಿ ಹೇಳಿದರು: ‘ಹುಳಿ ಸಾಲದು. ಆದರೆ ಮೀನು ತಾಜಾ.’

ಹನೀಫ್ ಮೇಜಿನ ಕೆಳಗೆ ನನ್ನ ಕಾಲು ತಟ್ಟಿದರು. ಎಷ್ಟೋ ತಿಂಗಳ ನಂತರ ಉಮ್ಮ ಒಂದು ಅಡುಗೆಯಲ್ಲಿ ಕೊರತೆ ಹುಡುಕಿದ್ದರು.

ರಾತ್ರಿ ಕೋಣೆಯಲ್ಲಿ ನಮಾಜಿಗೆ ದಿಕ್ಕು ನೋಡುವಾಗ ಮಾತ್ರ ಸಮಸ್ಯೆಯಾಯಿತು. ಸೌದಿಯ ಹೋಟೆಲುಗಳಲ್ಲಿ ಮಕ್ಕಾದ ಕಡೆಗೆ ಬಾಣದ ಗುರುತು ಇರುತ್ತದೆ. ಇಲ್ಲಿ ಅದಿಲ್ಲ. ಹನೀಫ್ ಫೋನು ನೋಡಿ ಒಂದು ಮೂಲೆ ತೋರಿಸಿದರು. ಉಮ್ಮನಿಗೆ ಸಮಾಧಾನವಾಗಲಿಲ್ಲ. ಅದೇ ಫೋನು ಮಧ್ಯಾಹ್ನ ನಮ್ಮನ್ನು ಬೇರೆಯೇ ಬೀದಿಯ ಹೋಟೆಲಿಗೆ ಕರೆದುಕೊಂಡು ಹೋಗಿತ್ತು. ಉಳ್ಳಾಲದಲ್ಲಿ ಕಿಬ್ಲ ಎಂದರೆ ಪಡುವಣ, ಕಡಲಿನ ದಿಕ್ಕು. ಅವರು ಹುಟ್ಟಿದಂದಿನಿಂದ ಕಡಲಿಗೆ ಮುಖ ಮಾಡಿಯೇ ನಮಾಜು ಮಾಡಿದವರು. ಜಿದ್ದಾದಲ್ಲಿ ಅದು ತಿರುಗಿಬಿದ್ದಿತು. ಅಲ್ಲಿ ಕಡಲು ಬೆನ್ನಿಗೆ ಬರುತ್ತದೆ. ಇಲ್ಲಿ ಎಲ್ಲಿ ಎಂದು ಅವರಿಗೆ ಮನಸ್ಸಿನಲ್ಲಿ ನಿಲ್ಲಲಿಲ್ಲ. ಆದರೂ ‘ನೀವು ಹೇಳಿದ ಹಾಗೆ’ ಎಂದು ಆ ಮೂಲೆಗೇ ಮುಸಲ್ಲ ಹಾಸಿದರು.

ಬೆಟ್ಟದ ಮೇಲೆ

ಮರುದಿನ ಊರಿನವರು ಎಲ್ಲರನ್ನೂ ಮೊದಲು ಕಳಿಸುವ ಜಾಗಕ್ಕೆ ಹೋದೆವು. ಕಾಡು ತುಂಬಿದ ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತ ಏಸುವಿನ ದೊಡ್ಡ ಪ್ರತಿಮೆ. ನಾವು ಅಲ್ಲಿಗೆ ಹೋಗುವುದು ಸರಿಯಾ ಎಂದು ಹನೀಫ್‌ಗೆ ಸ್ವಲ್ಪ ಅಳುಕು. ಉಮ್ಮನೇ ಅದನ್ನು ಬಗೆಹರಿಸಿದರು. ಈಸಾ ನೆಬಿ ನಮಗೂ ನೆಬಿಯೇ ಅಲ್ಲವಾ, ಬೆಟ್ಟ ಹತ್ತಿ ಕಾಡು ನೋಡಿದರೆ ಪಾಪ ಬರುವುದಿಲ್ಲ ಎಂದರು.

ಪುಟ್ಟ ರೈಲು ಕಾಡಿನ ಒಳಗೆ ಏರತೊಡಗಿದಾಗ ಉಮ್ಮ ಕಿಟಕಿಯ ಹತ್ತಿರ ನೆಟ್ಟಗೆ ಕೂತರು. ಎರಡೂ ಬದಿಗೆ ಹಲಸಿನ ಮರಗಳು. ಬುಡದಿಂದ ತುದಿಯವರೆಗೆ ಕಾಯಿ. ಹಣ್ಣಾಗಿ ಬಿದ್ದು ಒಡೆದವು ಹಳಿಯ ಪಕ್ಕದಲ್ಲೇ ಕೊಳೆಯುತ್ತಿದ್ದವು, ಆ ವಾಸನೆ ಬೋಗಿಯ ತುಂಬ. ಪಕ್ಕದ ಪ್ರವಾಸಿಗಳು ಮೂಗು ಮುಚ್ಚಿಕೊಂಡರೆ ಉಮ್ಮ ಉಸಿರು ಎಳೆದುಕೊಂಡರು.

‘ಇದನ್ನು ಯಾರೂ ತಿನ್ನುವುದಿಲ್ವಾ?’

ಈ ಮರ ಇಲ್ಲಿಯದಲ್ಲ, ಹಿಂದೆ ಯಾವಾಗಲೋ ಹಡಗಿನವರು ನಮ್ಮ ಕಡೆಯಿಂದ ತಂದು ನೆಟ್ಟದ್ದು, ಈಗ ಕಾಡೆಲ್ಲ ಅದೇ ಆಗಿಬಿಟ್ಟಿದೆ, ತಿನ್ನುವವರು ಕಡಿಮೆ ಎಂದು ನಾನು ಓದಿದ್ದನ್ನು ಹೇಳಿದೆ. ಉಮ್ಮ ತುಂಬ ಹೊತ್ತು ಆ ಮರಗಳನ್ನೇ ನೋಡುತ್ತಿದ್ದರು. ಬೆಳಿಗ್ಗೆ ಹೋಟೆಲಿನ ಬೀದಿಯಲ್ಲಿ ರಟ್ಟು ಹಾಸಿಕೊಂಡು ಮಲಗಿದ್ದ ಜನರನ್ನು ಅವರೂ ನೋಡಿದ್ದರು, ನಾನೂ ನೋಡಿದ್ದೆ. ಇಷ್ಟು ಹಣ್ಣು ಬಿದ್ದಿರುವಾಗ ಅವರನ್ನು ಯಾರಾದರೂ ಇಲ್ಲಿಗೆ ಕರೆದುಕೊಂಡು ಬರಬೇಕಿತ್ತು ಎಂದರು.

ಮೇಲೆ ಹೋದರೆ ಮಂಜು. ಪ್ರತಿಮೆಯೂ ಇಲ್ಲ, ಊರೂ ಇಲ್ಲ, ನಮ್ಮ ಕೈ ನಮಗೆ ಕಂಡರೆ ಹೆಚ್ಚು. ಬಂದವರೆಲ್ಲ ಫೋನು ಎತ್ತಿ ಹಿಡಿದು ಬಿಳಿ ಗೋಡೆಯಂಥ ಆಕಾಶದ ಚಿತ್ರ ತೆಗೆಯುತ್ತಿದ್ದರು. ಕೆಲವರು ನೆಲದ ಮೇಲೆ ಅಂಗಾತ ಮಲಗಿ ಕಾಯುತ್ತಿದ್ದರು. ಪ್ರತಿಮೆ ಇಡಿಯಾಗಿ ಸಿಗಬೇಕಾದರೆ ಹಾಗೆ ಮಲಗಿಯೇ ತೆಗೆಯಬೇಕಂತೆ. ಹನೀಫ್ ಮಲಗಲು ಹೋಗಿ ಯಾರದೋ ಐಸ್‌ಕ್ರೀಮಿನ ಮೇಲೆ ಮಲಗಿದರು. ಅವರ ಬೆನ್ನು ಒರೆಸುತ್ತಿದ್ದಾಗ ಮಂಜು ಒಮ್ಮೆ ಸರಿಯಿತು. ಒಂದು ಕಲ್ಲಿನ ಕೈ ಕಂಡಿತು, ಗಲ್ಲ ಕಂಡಿತು, ಜನ ‘ಓ’ ಎಂದರು, ಅಷ್ಟರಲ್ಲಿ ಮತ್ತೆ ಮುಚ್ಚಿತು. ನಾವು ಮೂವರು ನೋಡಿದ್ದು ಅಷ್ಟೇ. ಇಳಿಯುವಾಗ ಹನೀಫ್ ಪೂರ್ತಿ ಹೊತ್ತು ತನ್ನ ಅಂಗಿಯ ಬಗ್ಗೆಯೇ ಮಾತನಾಡಿದರು.

ಅಂದು ಸಂಜೆ ಅವರು ಕಾರ್ಖಾನೆಯ ಕೆಲಸಕ್ಕೆಂದು ದಕ್ಷಿಣಕ್ಕೆ ವಿಮಾನ ಹತ್ತಿದರು. ಹೋಗುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, ‘ಮಾಮಿಯ ಕೈ ಬಿಡಬೇಡ ಮಾರಾಯ್ತಿ. ಅವರಿಗೆ ಹೋಟೆಲಿನ ಹೆಸರೂ ಬಾಯಿಗೆ ಬರುವುದಿಲ್ಲ,’ ಎಂದರು.

ಕೋಪಕಬಾನ

ಮರುದಿನ ಬಿಸಿಲು ಚೆನ್ನಾಗಿತ್ತು. ಮಧ್ಯಾಹ್ನದ ನಮಾಜು ಮುಗಿಸಿ ನಾನು ಉಮ್ಮನನ್ನು ಬೀಚಿಗೆ ಕರೆದುಕೊಂಡು ಹೋದೆ. ಬಾಡಿಗೆಗೆ ಒಂದು ಕೊಡೆ, ಎರಡು ಕುರ್ಚಿ ಪಡೆದೆವು.

ಜಿದ್ದಾದ ಕಾರ್ನಿಷ್‌ನಲ್ಲಿ ಜನ ಕಡಲಿನ ಹತ್ತಿರ ಬರುವುದು ಮನೆಯ ಜಗಲಿಗೆ ಬಂದ ಹಾಗೆ. ಚಾಪೆ, ಚಾದ ಫ್ಲಾಸ್ಕು, ಮಕ್ಕಳು, ತಮ್ಮ ತಮ್ಮ ಸಂಸಾರದ ಒಂದೊಂದು ವೃತ್ತ. ಕೋಪಕಬಾನದಲ್ಲಿ ವೃತ್ತಗಳೇ ಇಲ್ಲ. ಗುರುತಿಲ್ಲದವರ ಚೆಂಡು ಬಂದು ಕಾಲಿಗೆ ಬಿದ್ದರೆ ಒದ್ದು ಕೊಡಬೇಕು, ಪಕ್ಕದವರು ಈಜಲು ಹೋಗುವಾಗ ಅವರ ಚೀಲ ನೋಡಿಕೊಳ್ಳಬೇಕು. ನಮ್ಮ ಪಕ್ಕದ ಕೊಡೆಯಲ್ಲಿ ನಾಲ್ಕು ಮುದುಕಿಯರು ಈಜುಡುಪಿನಲ್ಲಿ ಇಸ್ಪೀಟು ಆಡುತ್ತಿದ್ದರು. ಅವರಲ್ಲಿ ಲೂರ್ದೆಸ್ ಎಂಬಾಕೆಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಕೂತ ಹತ್ತು ಮಾತಿನೊಳಗೆ ನನಗೆ ಎಷ್ಟು ಮಕ್ಕಳು, ಗಂಡ ಎಲ್ಲಿ, ಉಮ್ಮ ಯಾಕೆ ಮಾತಾಡುವುದಿಲ್ಲ ಎಂದೆಲ್ಲ ಕೇಳಿ ಮುಗಿಸಿದರು. ಬಾಪ ಹೋದದ್ದನ್ನು ಹೇಳಿದೆ. ಲೂರ್ದೆಸ್ ಎದ್ದು ಬಂದು ಉಮ್ಮನ ಕೆನ್ನೆಗೆ ಮುತ್ತು ಕೊಟ್ಟು ಹೋಗಿ ಮತ್ತೆ ಇಸ್ಪೀಟಿಗೆ ಕೂತರು. ಉಮ್ಮ ಕೆನ್ನೆ ಒರೆಸಿಕೊಳ್ಳಲಿಲ್ಲ.

ನಾನು ಎಳನೀರಿನ ಬೊಂಡ ತರಲೆಂದು ಮೇಲಿನ ದಾರಿಯ ಗೂಡಂಗಡಿಗೆ ಹೋದೆ. ಅಲ್ಲಿ ಜನ ಇದ್ದರು. ನನ್ನ ಕಾರ್ಡು ಯಂತ್ರಕ್ಕೆ ಹಿಡಿಸಲಿಲ್ಲ, ಮತ್ತೊಂದು ತೆಗೆಯಬೇಕಾಯಿತು. ಎರಡೂ ಕೈಯಲ್ಲಿ ಬೊಂಡ ಹಿಡಿದು ಬಂದರೆ ಉಮ್ಮನ ಕುರ್ಚಿ ಖಾಲಿ. ಅವರ ಚಪ್ಪಲಿ ಮಾತ್ರ ಕುರ್ಚಿಯ ಕೆಳಗೆ ಇತ್ತು.

ಇಸ್ಪೀಟಿನವರು ಕಂಡಿರಲಿಲ್ಲ. ಮೊದಲು ನಾನು ನೋಡಿದ್ದು ಕಡಲನ್ನು. ಕಪ್ಪು ಬಟ್ಟೆ ಎಲ್ಲಾದರೂ ತೇಲುತ್ತಿದೆಯೋ ಎಂದು ನೋಡಿದೆ. ಬೊಂಡಗಳನ್ನು ಎಲ್ಲಿ ಬಿಟ್ಟೆನೋ ನೆನಪಿಲ್ಲ. ನೀರಿನ ಅಂಚಿನಲ್ಲಿ ‘ಉಮ್ಮಾ, ಉಮ್ಮಾ’ ಎಂದು ಕೂಗುತ್ತ ಓಡಿದೆ. ಜನ ತಿರುಗಿ ನೋಡಿದರು. ಜೋಳ ಮಾರುವವನೊಬ್ಬ ಓಡಿ ಬಂದು ಒಂದು ಬೆರಳು ಎತ್ತಿ, ಒಂದು ಬೇಯಿಸಿದ ಜೋಳ ಮುಂದೆ ಹಿಡಿದ. ನಾನು ಅಲ್ಲ ಎಂದು ತಲೆಯಾಡಿಸಿ ಮತ್ತೆ ‘ಉಮ್ಮಾ’ ಎಂದೆ. ಅವನೂ ತಲೆಯಾಡಿಸಿ ಮತ್ತೆ ಒಂದು ಬೆರಳು ಎತ್ತಿದ. ಅವರ ಭಾಷೆಯಲ್ಲಿ ‘ಉಮ’ ಎಂದರೆ ‘ಒಂದು’ ಎಂದು ಆಮೇಲೆ ಲೂರ್ದೆಸ್ ಹೇಳಿದ್ದು. ಆ ಹೊತ್ತಿನಲ್ಲಿ ನಾನು ಊರಿಡೀ ‘ಒಂದು, ಒಂದು’ ಎಂದು ಅಳುತ್ತ ಓಡುತ್ತಿದ್ದೆ, ಜನ ಒಂದು ಎಂತ ಬೇಕು ಎಂದು ಕೇಳುತ್ತಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಲೂರ್ದೆಸ್. ಇಸ್ಪೀಟು ಬಿಟ್ಟು ನನ್ನ ಹಿಂದೆಯೇ ಓಡಿ ಬಂದಿದ್ದರು. ಏದುಸಿರು ಬಿಡುತ್ತ, ಓಡಬೇಡ, ನೀನೂ ಕಳೆದುಹೋಗುತ್ತೀ, ಕೊಡೆಯ ಹತ್ತಿರವೇ ನಿಲ್ಲು ಎಂದರು. ಒಬ್ಬ ಗೆಳತಿಯನ್ನು ಕಾವಲುಗಾರರ ಗೋಪುರಕ್ಕೆ ಓಡಿಸಿದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ನಿಂತುಬಿಟ್ಟರು. ಅವರ ಬರಿ ತೋಳಿನ ಉಪ್ಪುನೀರು ನನ್ನ ನಿಲುವಂಗಿ ಅಬಾಯಾಕ್ಕೆ ಹತ್ತಿತು. ಕಣ್ಣೆತ್ತಿ ನೋಡಲು ನಾಚಿದ್ದ ಹೆಂಗಸಿನ ಎದೆಗೆ ತಲೆ ಆನಿಸಿ ನಾನು ಅತ್ತೆ. ಊರಿನಲ್ಲಿರುವ ನನ್ನ ಅಣ್ಣ ಫೋನ್ ಮಾಡಿದರೆ ಎಂತ ಹೇಳುವುದು, ಹನೀಫ್‌ಗೆ ಎಂತ ಹೇಳುವುದು, ಇದೇ ಯೋಚನೆ. ಹೋಟೆಲಿನ ಹೆಸರು ಬಾರದ, ಈ ಊರಿನ ಒಂದು ಶಬ್ದವೂ ತಿಳಿಯದ, ಬರಿಗಾಲಿನ ಹೆಂಗಸು.

ಆಗ ದೂರದಲ್ಲಿ ಚಪ್ಪಾಳೆ ಕೇಳಿಸಿತು.

ಎಲ್ಲೋ ಆಟ ನಡೆಯುತ್ತಿದೆ ಎಂದುಕೊಂಡೆ. ಲೂರ್ದೆಸ್ ಮಾತ್ರ ನನ್ನ ಹೆಗಲು ಬಿಗಿಯಾಗಿ ಹಿಡಿದು ಆ ಕಡೆ ತಿರುಗಿಸಿದರು. ಚಪ್ಪಾಳೆ ಒಂದೇ ಕಡೆ ನಿಂತಿರಲಿಲ್ಲ, ಮುಂದೆ ಮುಂದೆ ಬರುತ್ತಿತ್ತು. ಒಂದು ಕೊಡೆಯವರು ನಿಲ್ಲಿಸುವಾಗ ಮುಂದಿನ ಕೊಡೆಯವರು ಶುರು ಮಾಡುತ್ತಿದ್ದರು. ಮಲಗಿದ್ದವರು ಎದ್ದು ಕೂತು ತಟ್ಟಿದರು, ಚೆಂಡಾಟದವರು ಆಟ ನಿಲ್ಲಿಸಿ ತಟ್ಟಿದರು. ಇಲ್ಲಿ ಮಗು ಕಳೆದುಹೋದರೆ ಹೀಗೆ ಮಾಡುತ್ತಾರೆ, ಶಬ್ದ ಕೇಳಿ ಮನೆಯವರು ಬರಲಿ ಎಂದು, ಅಂತ ಲೂರ್ದೆಸ್ ನನ್ನ ಕಿವಿಯಲ್ಲಿ ಹೇಳುತ್ತಿದ್ದರು.

ಆ ಚಪ್ಪಾಳೆಯ ನಡುವಿನಿಂದ ಒಬ್ಬ ಸೌದಿ ಬಂದ. ಅರಬರು ತೋಪು ಎನ್ನುವ ಬಿಳಿ ನಿಲುವಂಗಿ, ತಲೆಗೆ ಕೆಂಪು ಚೌಕುಳಿಯ ವಸ್ತ್ರ, ಕೊರಳಿಗೆ ನೇತುಹಾಕಿದ ತಿಂಡಿಯ ಪೆಟ್ಟಿಗೆ. ಅವನ ಪಕ್ಕದಲ್ಲಿ, ಕಾಗದದಲ್ಲಿ ಏನನ್ನೋ ಹಿಡಿದುಕೊಂಡು, ಮದುವೆಮನೆಗೆ ಬಂದವರ ಹಾಗೆ ಗಂಭೀರವಾಗಿ ಉಮ್ಮ.

ಓಡಿಹೋಗಿ ಅಪ್ಪಿಕೊಂಡೆ. ಸುತ್ತಲಿದ್ದವರ ಚಪ್ಪಾಳೆ ಜೋರಾಯಿತು, ಯಾರೋ ಸಿಳ್ಳೆ ಹೊಡೆದರು. ತೋಪಿನವನು ಎರಡೂ ಹೆಬ್ಬೆರಳು ಎತ್ತಿ ತೋರಿಸಿದ. ಉಮ್ಮನೂ ಅವನಿಗೆ ಒಂದು ಹೆಬ್ಬೆರಳು ತೋರಿಸಿದರು.

ಅವನು ಸೌದಿಯವನಲ್ಲ. ಹೆಸರು ವಾಲ್ದಿರ್. ಇದೇ ದೇಶದ ಈಶಾನ್ಯದ ಬಡ ಊರಿನವನು. ಹಿಂದೆ ಲೆಬನಾನ್, ಸಿರಿಯಾದಿಂದ ಬಂದು ನೆಲೆಸಿದವರ ಮಾಂಸದ ತಿಂಡಿಗಳು ಇಲ್ಲಿ ಬಹಳ ಪ್ರಸಿದ್ಧವಂತೆ. ಅದನ್ನು ಬೀಚಿನಲ್ಲಿ ಮಾರುವವರು ಅರಬರ ವೇಷ ಹಾಕುವುದು ವಾಡಿಕೆ. ಬೇರೆ ದಿನವಾಗಿದ್ದರೆ ನಮ್ಮ ಜಿದ್ದಾದ ಬಟ್ಟೆಯನ್ನು ವೇಷ ಮಾಡಿದ್ದಾರೆ ಎಂದು ನನಗೆ ಸಿಟ್ಟು ಬರುತ್ತಿತ್ತೋ ಏನೋ. ಅಂದು ಬರುವ ಹಾಗೆ ಇರಲಿಲ್ಲ.

ಆದದ್ದು ಇಷ್ಟು. ನಾನು ಆ ಕಡೆ ಹೋದಾಗ ಉಮ್ಮನ ಎದುರು ವಾಲ್ದಿರ್ ಹಾದುಹೋಗಿದ್ದಾನೆ. ತೋಪು ಕಂಡು ಉಮ್ಮ ಎದ್ದು ಬರಿಗಾಲಿನಲ್ಲೇ ಹಿಂದೆ ಹೋಗಿದ್ದಾರೆ. ಸಲಾಂ ಹೇಳಿದ್ದಾರೆ. ವ್ಯಾಪಾರಕ್ಕೆಂದು ಕಲಿತಿದ್ದ ಒಂದೇ ಅರಬಿ ಮಾತಿನಲ್ಲಿ ಅವನೂ ಸಲಾಂ ಹೇಳಿದ್ದಾನೆ.

‘ಕಿಬ್ಲ ಯಾವ ಕಡೆ ಅಂತ ಕೇಳಿದೆ,’ ಎಂದರು ಉಮ್ಮ. ‘ಅವನು ಇದನ್ನು ಕೊಟ್ಟ.’

ಕಾಗದ ಬಿಡಿಸಿದರು. ಒಳಗೆ ಕರಿದ ಮಾಂಸದ ಉಂಡೆ. ಅದಕ್ಕೆ ಇಲ್ಲಿ ‘ಕೀಬಿ’ ಎನ್ನುತ್ತಾರೆ. ಉಮ್ಮ ‘ಕಿಬ್ಲ, ಕಿಬ್ಲ’ ಎಂದಷ್ಟೂ ಅವನು ಹೌದು ಹೌದು ಎಂದು ಪೆಟ್ಟಿಗೆ ತೋರಿಸಿದ್ದಾನೆ. ಬೇಡ ಎಂದು ಆಕಾಶ ತೋರಿಸಿದರೆ ಬಿಸಿಲಿಗೆ ತಲೆ ತಿರುಗಿದೆ ಎಂದುಕೊಂಡು ನೀರು ಕುಡಿಸಿದ್ದಾನೆ. ಹೀಗೆ ಮಾತಾಡುತ್ತ ಮಾತಾಡುತ್ತ ಬಹಳ ದೂರ ಹೋದ ಮೇಲೆ, ಈ ಅಜ್ಜಿಯ ಜೊತೆ ಯಾರೂ ಇಲ್ಲ ಎಂದು ಅವನಿಗೆ ಹೊಳೆದದ್ದು. ಅಲ್ಲಿಂದ ಚಪ್ಪಾಳೆ ತಟ್ಟಲು ಶುರು ಮಾಡಿದವನು ವ್ಯಾಪಾರ ಬಿಟ್ಟು ತಟ್ಟುತ್ತಲೇ ಬಂದಿದ್ದ.

ನಾನು ಇದನ್ನು ಲೂರ್ದೆಸ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ, ಅವರು ವಾಲ್ದಿರ್‌ಗೆ ಹೇಳಿದರು. ವಾಲ್ದಿರ್ ಮರಳಿನ ಮೇಲೆ ಕೂತು ನಕ್ಕ. ಅವನನ್ನು ನೋಡಿ ಉಮ್ಮನಿಗೂ ನಗು ಬಂತು. ತಲೆಯ ಶಾಲಿನ ತುದಿ ಬಾಯಿಗೆ ಒತ್ತಿ, ಮೈ ಕುಲುಕುವಂತೆ ನಕ್ಕರು. ಆ ನಗು ನಾನು ಮರೆತೇಬಿಟ್ಟಿದ್ದೆ.

ಎಲ್ಲರೂ ಅವರವರ ಜಾಗಕ್ಕೆ ಹೋದ ಮೇಲೆ ಉಮ್ಮ ಕೇಳಿದರು, ಜನ ಯಾಕೆ ಚಪ್ಪಾಳೆ ಹೊಡೆದದ್ದು ಎಂದು. ವಾಲ್ದಿರನ ತಿಂಡಿಯ ಪೆಟ್ಟಿಗೆ ಕಂಡು ಹೊಡೆಯುತ್ತಿದ್ದಾರೆ ಎಂದು ಅವರು ತಿಳಿದುಕೊಂಡಿದ್ದರು. ನಾನು ಹೇಳಿದೆ: ‘ನೀವು ತಪ್ಪಿಸಿಕೊಂಡಿದ್ದೀರಿ ಅಂತ. ನಿಮ್ಮನ್ನು ಹುಡುಕುವವರಿಗೆ ಕೇಳಲಿ ಅಂತ.’

ಉಮ್ಮ ಕಡಲು ನೋಡಿದರು.

‘ನನ್ನನ್ನು ಹುಡುಕುವವರು ಇದ್ದಾರೆ ಅಂತ ಅವರಿಗೆ ಹೇಗೆ ಗೊತ್ತು?’

‘ಗೊತ್ತಿರಲಿಲ್ಲ ಉಮ್ಮ. ಇರಬಹುದು ಅಂತ ಹೊಡೆದದ್ದು.’

ಉಮ್ಮ ಕೈಯಲ್ಲಿದ್ದ ಕಾಗದವನ್ನು ಮತ್ತೆ ಮಡಿಸಿದರು. ಆಮೇಲೆ ಬಾಪನ ಬಗ್ಗೆ ಮಾತೆತ್ತಿದರು. ಬಾಪ ಬಂದರಿನ ಒಣಮೀನಿನ ಅಂಗಡಿಯಿಂದ ಬಂದವರು ಮೆಟ್ಟಿಲಿನಲ್ಲೇ ಕರೆಯುತ್ತಿದ್ದದ್ದು ನನಗೂ ನೆನಪಿದೆ.

‘ಆಯಿಶೂ, ಎಲ್ಲಿದ್ದಿ ಅಂತ ಕೇಳ್ತಿದ್ದರು,’ ಎಂದರು ಉಮ್ಮ. ‘ನಾನು ಎದುರಿಗೇ ನಿಂತಿದ್ದರೂ ಕೇಳ್ತಿದ್ದರು. ಕಣ್ಣು ಕಾಣುವುದಿಲ್ವಾ ಅಂತ ನಾನು ಬೈತಿದ್ದೆ. ಈಗ ಯಾರೂ ಕೇಳುವುದಿಲ್ಲ. ನೀನು ಕೈ ಹಿಡಿದುಕೊಂಡೇ ಇರ್ತಿ. ಹಿಡಿದುಕೊಂಡವಳನ್ನು ಹುಡುಕಲಿಕ್ಕೆ ಉಂಟಾ?’

ಹೇಳುತ್ತಿದ್ದ ಹಾಗೆ ಅವರ ಮುಖ ಒಡೆಯಿತು. ಬಾಪ ಹೋದ ದಿನದಿಂದ ಬಾರದಿದ್ದ ಅಳು ಆ ಗದ್ದಲದ ಬೀಚಿನಲ್ಲಿ, ಕೊಡೆಯ ಕೆಳಗೆ ಬಂತು. ಗಂಟಲು ಬಿಟ್ಟು ಅತ್ತರು, ಓಣಿಗೆ ಕೇಳುವ ಹಾಗೆ. ಇಸ್ಪೀಟಿನವರು ಎಲೆ ಕೆಳಗಿಟ್ಟರು. ಲೂರ್ದೆಸ್ ತಮ್ಮ ಟವೆಲ್ಲು ತಂದು ಉಮ್ಮನ ತೊಡೆಯ ಮೇಲಿಟ್ಟು, ಏನೂ ಕೇಳದೆ ಮರಳಿನ ಮೇಲೆ ಕಾಲ ಹತ್ತಿರ ಕೂತರು. ನಾನು ಮಣಿಕಟ್ಟು ಹಿಡಿಯಲು ಹೋದವಳು ಕೈ ಹಿಂದಕ್ಕೆ ಎಳೆದುಕೊಂಡೆ. ಅವರ ಅಳು ಮುಗಿಯುವವರೆಗೆ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ.

ಕೊನೆಯ ದಿನ

ಹನೀಫ್ ದಕ್ಷಿಣದಿಂದ ಹಿಂದಿರುಗಿದವರು ಜನ್ಮದಲ್ಲಿ ಕೋಳಿಯ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿದರು. ಪ್ರತಿ ಸಲವೂ ಮಾಡುತ್ತಾರಂತೆ. ನಡೆದದ್ದನ್ನು ಅವರಿಗೆ ಹೇಳಿದ್ದು ನಾನಲ್ಲ, ಉಮ್ಮ. ಕೈ ಆಡಿಸುತ್ತ, ನಡುವೆ ನಾನು ಬಾಯಿ ಹಾಕಿದರೆ ತಡೆಯುತ್ತ, ಪೂರ್ತಿ ಹೇಳಿದರು. ಹನೀಫ್ ಬೆಚ್ಚಿದ್ದನ್ನು ತೋರಿಸಿಕೊಳ್ಳದೆ ಕೇಳಿ, ಕೊನೆಗೆ ಒಂದು ಒಳ್ಳೆಯ ದಿಕ್ಸೂಚಿ ಎಲ್ಲಿಂದಲೋ ಸಂಪಾದಿಸಿ ತಂದರು. ಬೀಚಿನ ಎಡತುದಿಯಲ್ಲಿ ಒಂದು ಬಂಡೆಗುಡ್ಡ ಇದೆ. ಅದರ ಬಲಕ್ಕೆ, ನೀರಿನ ಮೇಲೆ ಬೊಟ್ಟು ಮಾಡಿ, ಇದೇ ಕಿಬ್ಲ ಎಂದರು.

‘ಕಡಲಿನ ಕಡೆಯೇ ಅಲ್ವಾ,’ ಎಂದರು ಉಮ್ಮ. ಅಷ್ಟು ಸಾಕಾಯಿತು ಅವರಿಗೆ.

ಸಂಜೆಯ ವಿಮಾನಕ್ಕೆ ಮೊದಲು ಲೂರ್ದೆಸ್‌ಗೆ ಟವೆಲ್ಲು ಹಿಂದಿರುಗಿಸಲು ಬೀಚಿಗೆ ಹೋದೆವು. ವಾಲ್ದಿರ್ ಅಲ್ಲೇ ಸಿಕ್ಕಿದ. ಅವನ ತಲೆವಸ್ತ್ರ ನೋಡಿ ಹನೀಫ್‌ಗೆ ತಡೆಯಲಾಗಲಿಲ್ಲ. ದಿನಾ ಸೌದಿಗಳ ನಡುವೆ ಕೆಲಸ ಮಾಡುವವರು. ಅವನನ್ನು ನಿಲ್ಲಿಸಿ, ವಸ್ತ್ರವನ್ನು ಸರಿಯಾಗಿ ಮಡಿಸಿ, ಹಣೆಯ ಮೇಲೆ ಮಡಿಕೆ ತೀಡಿ, ಕರಿ ಹಗ್ಗವನ್ನು ನೆಟ್ಟಗೆ ಕೂರಿಸಿದರು. ವಾಲ್ದಿರ್ ಫೋನಿನಲ್ಲಿ ಮುಖ ನೋಡಿಕೊಂಡು ಬೆನ್ನು ಸೆಟೆಸಿದ. ಸೌದಿಗಳು ‘ನಡೀರಿ’ ಎನ್ನಲು ಹೇಳುವ ‘ಯಲ್ಲಾ’ ಎನ್ನುವ ಮಾತನ್ನು ಹನೀಫ್ ಅವನಿಗೆ ಕಲಿಸಿದರು. ‘ಯಲ್ಲಾ, ಯಲ್ಲಾ’ ಎಂದು ಕೂಗುತ್ತ ಅವನು ಮರಳಿನಲ್ಲಿ ದೂರ ಹೋದ.

ಉಮ್ಮ ಚಪ್ಪಲಿ ಬಿಚ್ಚಿ ನೀರಿನ ಅಂಚಿಗೆ ಹೊರಟರು. ನಾನು ಎದ್ದೆ. ‘ನೀನು ಕೂತುಕೋ. ಇಲ್ಲೇ ಇರ್ತೇನೆ,’ ಎಂದರು. ಕೂತೆ. ಅಲೆ ಅವರ ಪಾದಕ್ಕೆ ಬಂದು ಹೋಗುವುದನ್ನು ನೋಡುತ್ತಿದ್ದೆ.

ಅಷ್ಟರಲ್ಲಿ ಬಲಗಡೆಯಿಂದ ಚಪ್ಪಾಳೆ ಎದ್ದಿತು. ಒಬ್ಬ ಗಂಡಸು ಪುಟ್ಟ ಹೆಣ್ಣುಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ಮಗು ಅಳುತ್ತಿತ್ತು. ಕೊಡೆಯಿಂದ ಕೊಡೆಗೆ ಚಪ್ಪಾಳೆ ದಾಟಿ ನಮ್ಮವರೆಗೆ ಬಂತು. ಲೂರ್ದೆಸ್ ಎದ್ದು ತಟ್ಟಿದರು, ಹನೀಫ್ ಅರ್ಥವಾಗದೆ ತಟ್ಟಿದರು, ನಾನೂ ತಟ್ಟಿದೆ. ನೀರಿನಲ್ಲಿ ನಿಂತಿದ್ದ ಉಮ್ಮ ತಿರುಗಿ ನೋಡಿದರು. ಬುರ್ಖಾದ ತೋಳನ್ನು ಮೊಣಕೈವರೆಗೆ ಏರಿಸಿ, ಕೈಗಳನ್ನು ತಲೆಗಿಂತ ಮೇಲಕ್ಕೆತ್ತಿ ತಟ್ಟಲು ಶುರು ಮಾಡಿದರು. ಮಗು ಅವರನ್ನು ದಾಟುವಾಗ ಅದರ ಜೊತೆಯೇ ನೀರಿನಲ್ಲಿ ನಡೆದರು. ‘ಬನ್ನಿ, ಇಲ್ಲಿದ್ದಾಳೆ, ಇಲ್ಲಿದ್ದಾಳೆ’ ಎಂದು ನಮ್ಮ ಭಾಷೆಯಲ್ಲಿ, ಉಳ್ಳಾಲದ ಆ ಗಂಟಲಿನಲ್ಲಿ ಕರೆದರು.

ಮೇಲಿನ ದಾರಿಯಿಂದ ಒಬ್ಬಳು ತಾಯಿ ಎದ್ದು ಬಿದ್ದು ಓಡಿ ಬಂದಳು. ಮಗುವನ್ನು ಎಳೆದು ಎದೆಗೆ ಒತ್ತಿಕೊಂಡಳು. ಒಬ್ಬೊಬ್ಬರಾಗಿ ಚಪ್ಪಾಳೆ ನಿಲ್ಲಿಸಿದರು, ಚೆಂಡಾಟ ಮತ್ತೆ ಶುರುವಾಯಿತು. ಮೊಣಕಾಲವರೆಗೆ ಒದ್ದೆಯಾಗಿ ನಿಂತಿದ್ದ ಉಮ್ಮ ಮಾತ್ರ ಇನ್ನೂ ತಟ್ಟುತ್ತಿದ್ದರು.